ಅಫಜಲಪುರದಲ್ಲಿ ಬಿಟ್ಟುಕೊಟ್ಟ ಪಾಳಿ

ಕಾರಿಗೆ ಚಾರ್ಜಿಂಗ್ ಗನ್ ಸಿಕ್ಕಿಸಿ, ಪರದೆಯ ಮೇಲಿನ ಅಂಕಿ ಏರುವುದನ್ನು ನೋಡುತ್ತ ನಿಂತಾಗಲೆಲ್ಲ ನನ್ನ ಬೆನ್ನ ಹಿಂದೆ ಒಬ್ಬ ಮನುಷ್ಯ ಕೂತಿದ್ದಾನೆ ಅನಿಸುತ್ತದೆ. ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಇದ್ದರೂ ಮೊಬೈಲ್ ನೋಡುತ್ತ ನಿಂತ ಯಾರೋ ಬೇರೆಯವರಿರುತ್ತಾರೆ. ಕಲಬುರಗಿಯ ಹೋಟೆಲಿನಂಗಳದಲ್ಲಿ ಹೀಗಾಗಿದೆ, ಸೊಲ್ಲಾಪುರದ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲೂ ಆಗಿದೆ. ನಮ್ಮ ಯಜಮಾನರಿಗೆ ಇದು ಗೊತ್ತು. ನಾನು ತಿರುಗುವುದು ಕಂಡರೆ ಅವರು ಬೇರೆ ಕಡೆ ಮುಖ ಮಾಡುತ್ತಾರೆ.

ನಾನು ಆಳಂದದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಯಜಮಾನರದ್ದು ಪೇಟೆಯಲ್ಲಿ ಫ್ಯಾನು, ಮೋಟಾರು, ವೈರಿನ ಅಂಗಡಿ. ಕರೆಂಟಿನ ಮೇಲೆ ಅವರಿಗೆ ಮೊದಲಿನಿಂದ ಒಂದು ನಮೂನೆಯ ಪ್ರೀತಿ. ಹಾಗಾಗಿ ಕರೆಂಟಿನಲ್ಲಿ ಓಡುವ ಕಾರು ಬಂದಾಗ ನಮ್ಮ ಓಣಿಯಲ್ಲಿ ಮೊದಲು ತಂದವರು ಅವರೇ. ತಂದ ಮೇಲೆ ಅವರ ಕಣ್ಣು ಮಂದವಾಗತೊಡಗಿ, ಸ್ಟೀರಿಂಗು ನನ್ನ ಕೈಗೆ ಬಂತು. ಸಣ್ಣ ಬಿಳಿ ಕಾರು. ಆಳಂದದಿಂದ ಕಲಬುರಗಿಗೆ ಹೋಗಿ ಬರುವುದಕ್ಕೆ ಏನೂ ತೊಂದರೆಯಿಲ್ಲ. ಅದಕ್ಕಿಂತ ದೂರ ಹೋದರೆ ಹಾದಿಯಲ್ಲಿ ಎಲ್ಲಾದರೂ ಚಾರ್ಜು ಮಾಡಲೇಬೇಕು. ಆ ‘ಎಲ್ಲಾದರೂ’ ಅನ್ನುವುದೇ ನಮ್ಮ ಕಡೆ ದೊಡ್ಡ ಮಾತು. ಆ್ಯಪ್ ತೆರೆದರೆ ಹಸಿರು ಚುಕ್ಕೆ ತೋರಿಸುತ್ತದೆ. ಆ ಹಸಿರು ಚುಕ್ಕೆಯನ್ನು ನಂಬಿ ಹೋದರೆ ಮಷೀನಿನ ಮೇಲೆ ಗೋಣಿಚೀಲ ಮುಚ್ಚಿರುತ್ತಾರೆ, ಇಲ್ಲವೆ ಗನ್ನಿನ ವೈರೇ ಇರುವುದಿಲ್ಲ. ಮಷೀನು ಸತ್ತು ಎಷ್ಟೋ ದಿನ ಆಗಿದ್ದರೂ ಆ್ಯಪ್‌ನಲ್ಲಿ ಅದು ಬದುಕಿಯೇ ಇರುತ್ತದೆ.

ಅದು ಸಂಕ್ರಾಂತಿ ಕಳೆದ ಮೇಲಿನ ಒಂದು ರವಿವಾರ. ಸೊನ್ನ ಬ್ಯಾರೇಜಿನಲ್ಲಿ ನೀರು ತುಂಬಿ ನಿಂತದೆ, ನೋಡಿಕೊಂಡು ಬರೋಣ ಎಂದು ಯಜಮಾನರು ಹೊರಡಿಸಿದರು. ಹಿಂದಿನ ರಾತ್ರಿ ಆಳಂದದಲ್ಲಿ ಕರೆಂಟು ಹೋಗಿ ಕಾರು ಪೂರ್ತಿ ತುಂಬಿರಲಿಲ್ಲ. ಪರವಾಗಿಲ್ಲ, ಅಫಜಲಪುರದಲ್ಲಿ ಮಷೀನದೆ ಎಂದುಕೊಂಡು ಹೊರಟೆವು. ಹಾದಿಗೆಂದು ಹಿಂದಿನ ಸೀಟಿನಲ್ಲಿ ರೊಟ್ಟಿ ಗಂಟು, ಸರಸಂಬಾದಲ್ಲಿರುವ ಯಜಮಾನರ ಅಣ್ಣನ ಹೊಲದ ಸುಲಗಾಯಿ, ಅಂದರೆ ಹಸಿಕಡಲೆಯ ಕಟ್ಟು ಇಟ್ಟುಕೊಂಡಿದ್ದೆವು. ಅವೆರಡನ್ನು ಬಿಟ್ಟರೆ ಹಿಂದಿನ ಸೀಟು ಖಾಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಬಹಳ ದಿನ ನನಗೆ ಆ ಖಾಲಿ ಸೀಟಿನದೇ ಚಿಂತೆಯಾಯಿತು.

ಅಫಜಲಪುರ ದಾಟಿದೊಡನೆ ರಸ್ತೆಯ ಬದಿ ಒಂದು ಪೆಟ್ರೋಲ್ ಬಂಕು, ಅದರ ಪಕ್ಕದ ಬಯಲಿನಲ್ಲಿ ತಗಡಿನ ಮಾಡಿನ ಕೆಳಗೆ ಆ ಮಷೀನು. ಎರಡು ಗನ್ನು. ಬೆಳಿಗ್ಗೆ ನಾವು ಹೋದಾಗ ಎರಡೂ ಸುಮ್ಮನಿದ್ದವು. ಪಕ್ಕದಲ್ಲಿ ಚಹಾದ ಅಂಗಡಿ ಇಟ್ಟಿದ್ದ ಹೆಂಗಸು, ಲೈನಿನಲ್ಲಿ ಏನೋ ಆಗಿದೆ, ಮಧ್ಯಾಹ್ನದ ಹೊತ್ತಿಗೆ ಚಾಲೂ ಆಗಬಹುದು ಅಂದಳು. ಸೊನ್ನಕ್ಕೆ ಹೋಗಿ ಹೊಳ್ಳಿ ಬರುವಷ್ಟು ಚಾರ್ಜಿತ್ತು. ಹೋದೆವು. ನೀರು ನಿಜವಾಗಿ ತುಂಬಿತ್ತು. ಭೀಮೆ ಅಲ್ಲಿ ನದಿಯ ಹಾಗಿರಲಿಲ್ಲ, ಅಲುಗಾಡದ ಒಂದು ಬೂದು ಹಾಳೆಯ ಹಾಗೆ ಹರಡಿಕೊಂಡಿತ್ತು. ನಾವು ರೊಟ್ಟಿ ಗಂಟು ಬಿಚ್ಚುವಷ್ಟರಲ್ಲಿ ಜೇವರ್ಗಿಯಿಂದ ಫೋನು ಬಂತು.

ಜೇವರ್ಗಿಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ನಮ್ಮವ್ವ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಳು. ನನ್ನನ್ನು ಎತ್ತಿ ಬೆಳೆಸಿದವಳು ಈ ಅತ್ತೆ. ಫೋನು ಮಾಡಿದ್ದು ಅವಳ ಮಗ. ಅತ್ತೆ ಊಟಕ್ಕೆ ಕೂತಲ್ಲೇ ವಾಲಿಬಿದ್ದಳಂತೆ, ಮಾತು ತೊದಲಿ ಆಮೇಲೆ ನಿಂತೇಹೋಯಿತಂತೆ. ಜೇವರ್ಗಿಯ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದ್ದಾರೆ, ಡಾಕ್ಟರು ಏನೂ ಹೇಳುತ್ತಿಲ್ಲ ಅಂದ. ಕೊನೆಗೆ ದನಿ ಇಳಿಸಿ, “ಮಾತು ನಿಲ್ಲೂಕಿಂತ ಮದಲ ನಿನ್ನ ಕರದಳವ್ವಾ. ಜಲ್ದಿ ಬಾ,” ಅಂದ.

ಕಾರಿನಲ್ಲಿದ್ದ ಚಾರ್ಜು ಜೇವರ್ಗಿಯ ತನಕ ಸಾಲುತ್ತಿರಲಿಲ್ಲ. ಅಫಜಲಪುರಕ್ಕೆ ಹೊಳ್ಳಿ ಬಂದೆವು. ಹಾದಿಯುದ್ದಕ್ಕೂ ಯಜಮಾನರು ಕಣ್ಣಿನ ಹತ್ತಿರಕ್ಕೆ ಮೊಬೈಲ್ ಹಿಡಿದು ಆ್ಯಪ್ ನೋಡುತ್ತಿದ್ದರು. ಎರಡೂ ಗನ್ನು ಖಾಲಿ ಇವೆ, ಎರಡೂ ಚಾಲೂ ಇವೆ ಎಂದು ತೋರಿಸುತ್ತಿತ್ತು. ಹೋಗಿ ನೋಡಿದರೆ ಒಂದು ಗನ್ನಿಗೆ ಆಗಲೇ ಒಂದು ಕಾರು ಹಚ್ಚಿತ್ತು. ಇನ್ನೊಂದರ ಪರದೆಯ ಮೇಲೆ ‘ಸಿದ್ಧ’ ಅನ್ನುವ ಅರ್ಥದ ಅಕ್ಷರ ಬೆಳಗುತ್ತಿತ್ತು, ಆದರೆ ಅದು ಸಿದ್ಧವಿರಲಿಲ್ಲ. ಯಜಮಾನರು ಗನ್ನು ಸಿಕ್ಕಿಸಿದರು, ತೆಗೆದರು, ಒರೆಸಿದರು, ಮತ್ತೆ ಸಿಕ್ಕಿಸಿದರು. ಸಹಾಯಕ್ಕೆಂದು ಬರೆದಿದ್ದ ನಂಬರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಸಂಗೀತ ಬಂತು, ಸಂಗೀತ ಮುಗಿದು ಮತ್ತೆ ಅದೇ ಸಂಗೀತ ಬಂತು. ಆ ಅಕ್ಷರ ಮಾತ್ರ ಅಲ್ಲೇ ಬೆಳಗುತ್ತಿತ್ತು. ಅಷ್ಟು ಶಾಂತವಾಗಿ ಸುಳ್ಳು ಹೇಳುವ ವಸ್ತುವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಹಚ್ಚಿದ್ದ ಕಾರಿನವನು ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದ. ನಲವತ್ತೈದರ ಆಸುಪಾಸಿನ ಮನುಷ್ಯ. ಬಾಡಿಗೆಗೆ ಓಡಿಸುವ ಕಾರು, ಮಹಾರಾಷ್ಟ್ರದ ನಂಬರು. ಯಜಮಾನರು ಹೋಗಿ, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಈಗಷ್ಟೇ ಹಚ್ಚಿದ್ದೇನೆ ಎಂದ. ಯಾಕೆ ಗಡಿಬಿಡಿ ಎಂದು ಅವನೇ ಕೇಳಿದ. ಇವರು ಅತ್ತೆಯ ಸಂಗತಿ ಹೇಳಿದರು. ಅವನು ಮಾತು ಪೂರ್ತಿ ಕೇಳಿ, ನನ್ನ ಮುಖವನ್ನೊಮ್ಮೆ ನೋಡಿ ಎದ್ದ. ತನ್ನ ಕಾರಿನ ಗನ್ನು ಕಿತ್ತು, ಕಾರನ್ನು ಹಿಂದಕ್ಕೆ ತೆಗೆದು, ನಮಗೆ ಜಾಗ ಮಾಡಿಕೊಟ್ಟ.

“ನೀವು ಮಾಡಿಕೊಳ್ರಿ. ನಿಮ್ಮ ಹಾದಿ ನೋಡೋರು ಅದಾರ. ನನ್ನ ಹಾದಿ ಯಾರೂ ನೋಡಾಕತ್ತಿಲ್ಲ,” ಅಂದ.

ಒಂಟಿ ಮನುಷ್ಯನ ಮಾತು ಅಂದುಕೊಂಡೆ. ಎಲ್ಲಿಗೆ ಹೊರಟಿದ್ದೀರಿ ಎಂದು ಯಜಮಾನರು ಕೇಳಿದರು. ಸೊಲ್ಲಾಪುರಕ್ಕೆ ಹೊಳ್ಳಿ ಹೊರಟಿದ್ದೇನೆ ಅಂದ. ಅಂದರೆ ನಮ್ಮ ಹಾದಿಗೆ ಪೂರಾ ವಿರುದ್ಧ.

ಮಷೀನು ಎಳೆಯುತ್ತ ಎಳೆಯುತ್ತ ಚಾರ್ಜು ಕೊಡತೊಡಗಿತು. ಅದರ ಹೊಟ್ಟೆಯೊಳಗಿನ ಫ್ಯಾನು ಒಮ್ಮೆ ಜೋರಾಗಿ ತಿರುಗುವುದು, ಒಮ್ಮೆ ಉಸಿರು ಕಟ್ಟಿದ ಹಾಗೆ ನಿಲ್ಲುವುದು. ನಿಂತುಕೊಂಡೇ ಇರಲಾರದೆ ನಾನು ಹೋಗಿ ಅವನು ಕೂತಿದ್ದ ಕಲ್ಲಿನ ಇನ್ನೊಂದು ತುದಿಗೆ ಕೂತೆ. ಸುಲಗಾಯಿ ಕಟ್ಟು ಬಿಚ್ಚಿ ಒಂದಿಷ್ಟು ಕೊಟ್ಟೆ. ಅವನು ಬಿಡಿಸಿದ, ಆದರೆ ತಿನ್ನಲಿಲ್ಲ. ಹಸಿರು ಕಾಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಸಾಲಾಗಿ ಇಡುತ್ತ ಹೋದ. ನಡುವೆ ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಯಾರ ಹೆಸರೆಂದು ನೋಡುತ್ತಿದ್ದ, ಎತ್ತುತ್ತಿರಲಿಲ್ಲ. ಕಡೆಗೆ ಅದನ್ನು ಬೋರಲು ಹಾಕಿ ತೊಡೆಯ ಕೆಳಗೆ ಇಟ್ಟುಕೊಂಡ.

“ಅತ್ತಿನ್ನ ನೋಡಿದ ಕೂಡ್ಲೆ ಏನಂತೀರಿ?” ಎಂದು ಅವನು ಕೇಳಿದ.

ವಿಚಿತ್ರ ಪ್ರಶ್ನೆ ಅನಿಸಿತು. ಆದರೆ ನಾನೂ ಹಾದಿಯಲ್ಲಿ ಅದನ್ನೇ ಯೋಚಿಸಿದ್ದೆ. “ಏನೂ ಇಲ್ರಿ. ಬಂದೇನಿ ಅಂತೇನಿ,” ಅಂದೆ.

ಅವನು ಇನ್ನೊಂದು ಕಾಳನ್ನು ಸಾಲಿಗೆ ಇಟ್ಟು, “ಅಷ್ಟ ಅಂದ್ರ ಸಾಕಾಗ್ತದೇನ್ರಿ?” ಅಂದ.

ಅಷ್ಟರಲ್ಲಿ ಯಜಮಾನರು ಸಾಕಷ್ಟು ಆಯಿತು ಎಂದು ಕೈಸನ್ನೆ ಮಾಡಿದರು. ನಾನು ಎದ್ದು ಕೈ ಮುಗಿದೆ. ಅವನು ಕೂತಲ್ಲಿಂದಲೇ ತಲೆಯಾಡಿಸಿದ. ಹೆಸರು ಕೇಳಲು ನೆನಪಾಗಲಿಲ್ಲ. ಕನ್ನಡಿಯಲ್ಲಿ ನೋಡಿದಾಗ ಅವನು ಮಷೀನಿನ ಕಡೆ ಬಂದಿರಲಿಲ್ಲ, ಗಿಡದ ಕೆಳಗೇ ಇದ್ದ.

ಜೇವರ್ಗಿ ಮುಟ್ಟಿದಾಗ ಅತ್ತೆಯ ಕಣ್ಣು ತೆರೆದಿತ್ತು, ಆದರೆ ಅವಳಿಗೆ ನಮ್ಮ ಗುರುತಿರಲಿಲ್ಲ. ನಾನು ಕೈ ಹಿಡಿದು, ಬಂದೇನತ್ತಿ ಅಂದೆ. ಅವಳು ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ, ನಾವೆಲ್ಲ ಏನೇನೋ ಊಹಿಸಿಕೊಂಡು ಅತ್ತು ಮುಗಿಸಿದ ಮೇಲೆ, ಅವಳು ಎದ್ದು ಕೂತು ಚಹಾ ಕೇಳಿದಳು. ರಕ್ತದಲ್ಲಿ ಉಪ್ಪಿನಂಶ ಇಳಿದದ್ದಕ್ಕೆ ಹಾಗಾಗಿತ್ತಂತೆ. ಮೂರ್ನಾಲ್ಕು ದಿನದಲ್ಲಿ ಮನೆಗೆ ಹೋದಳು. ಈಗಲೂ ಇದ್ದಾಳೆ. ಸೊಸೆಯ ಕೈಯ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಕರಾರು ಮಾಡುತ್ತಾಳೆ, ನಾವು ನಗುತ್ತೇವೆ.

ಆ ಮನುಷ್ಯನ ವಿಷಯ ನಾವು ಮಂದಿಗೆಲ್ಲ ಹೇಳಿದೆವು. ಹೇಳುವಾಗ ಖುಷಿಯಿರುತ್ತಿತ್ತು. ಲೋಕದಲ್ಲಿ ಇಂಥವರೂ ಇದ್ದಾರೆ ಅನ್ನುವ ಒಂದು ಬೆಚ್ಚಗಿನ ಮಾತಾಗಿ ಅದು ನಮ್ಮ ಮನೆಯಲ್ಲಿ ಉಳಿಯಿತು. ಬೇಸಿಗೆಯವರೆಗೆ ಹಾಗೆಯೇ ಇತ್ತು.

ಬೇಸಿಗೆಯಲ್ಲಿ ನನಗೆ ಅಫಜಲಪುರಕ್ಕೆ ಪರೀಕ್ಷೆಯ ಕೆಲಸ ಬಿತ್ತು. ಒಂದು ಸಂಜೆ ಹೊಳ್ಳುವ ಮುಂಚೆ ಚಾರ್ಜು ಮಾಡಲು ಅದೇ ಬಂಕಿನ ಹತ್ತಿರ ಹೋದೆ. ಆ ‘ಸಿದ್ಧ’ ಎಂದು ತೋರಿಸುವ ಗನ್ನು ಹಾಗೆಯೇ ಇತ್ತು. ಇನ್ನೊಂದು ಆವತ್ತು ಚಾಲೂ ಇತ್ತು. ಚಹಾದಂಗಡಿಯ ಹೆಂಗಸು ನನ್ನ ಗುರುತು ಹಿಡಿದಳು. ಅತ್ತೆ ಹೇಗಿದ್ದಾಳೆ ಎಂದು ಕೇಳಿದಳು. ಆರಾಮಿದ್ದಾಳೆ ಅಂದೆ. ಅವಳು ಚಹಾ ಸೋಸುತ್ತ, ಆ ಮನುಷ್ಯನದು ಮಾತ್ರ ಬಹಳ ಕೆಟ್ಟನಿಸಿತು ಅಂದಳು. ಯಾವ ಮನುಷ್ಯ ಎಂದು ಕೇಳಿದೆ. ನಿಮಗೆ ಪಾಳಿ ಬಿಟ್ಟುಕೊಟ್ಟವನು ಅಂದಳು.

ಆಮೇಲಿನದನ್ನು ಅವಳು ಹೇಳಿದ್ದು ಹೀಗೆ. ನಾವು ಹೋದ ಮೇಲೆ ಅವನು ಬಹಳ ಹೊತ್ತು ಎದ್ದೇ ಇರಲಿಲ್ಲ. ಕಡೆಗೆ ಎದ್ದು ಕಾರು ಹಚ್ಚಿದಾಗ ಮಷೀನು ಒಂದು ಕ್ಷಣ ತಿರುಗಿ ಬಂದ್ ಬಿತ್ತು. ಮತ್ತೆ ಚಾಲೂ ಆಗಲಿಲ್ಲ. ಅವನು ಯಾರಿಗೂ ಫೋನು ಮಾಡಲಿಲ್ಲ. ಜೇವರ್ಗಿಯ ಬಸ್ಸುಗಳು ಎದುರಿಗೇ ನಿಂತು ಹೋದವು, ಅವನು ಹತ್ತಲಿಲ್ಲ. ಹೊತ್ತು ಇಳಿಯುವಾಗ ಒಬ್ಬ ಬೈಕಿನ ಮೇಲೆ ಹಾದಿಯುದ್ದಕ್ಕೂ ಅವನನ್ನು ಹುಡುಕುತ್ತ ಬಂದ. ಇವನ ಚಿಕ್ಕಪ್ಪನ ಮಗ. ಬಂದವನೇ ಬೈಯತೊಡಗಿದ. ಇವನ ಅಪ್ಪ ಅವತ್ತು ನಸುಕಿನಲ್ಲಿ ತೀರಿಕೊಂಡಿದ್ದರು. ಹಿರಿಮಗ ಬರಲಿ ಎಂದು ಊರವರು ಕಾಯುವಷ್ಟು ಕಾದು, ಹೊತ್ತು ಮೀರುತ್ತದೆ ಎಂದು ಮಣ್ಣು ಮಾಡಿ ಮುಗಿಸಿದ್ದರು. ಊರು ಜೇವರ್ಗಿ ತಾಲೂಕಿನದು, ಇಜೇರಿಯ ಆಚೆ. ಸೊಲ್ಲಾಪುರಕ್ಕಲ್ಲ, ಅವನು ನಮ್ಮ ಹಾದಿಯಲ್ಲೇ ಹೊರಟಿದ್ದವನು.

“ಪಾಳಿ ಬಿಟ್ಟುಕೊಟ್ಟೆ, ಅದಕ್ಕ ತಡಾ ಆತು ಅಂದ ನೋಡ್ರಿ ಅಂವಗ. ಬೈಕಿನ್ಯಾಂವ ಬೈಯೂದ ಬಿಟ್ಟು ಅಳಾಕ ಹತ್ತಿದ,” ಅಂದಳು ಆಕೆ.

ಚಹಾ ಹಾಗೇ ಬಿಟ್ಟು ನಾನು ಬೇವಿನ ಗಿಡದ ಕಡೆ ನೋಡಿದೆ. ಕಲ್ಲು ಖಾಲಿ ಇತ್ತು. ಮಷೀನಿನ ಫ್ಯಾನು ತಿರುಗುತ್ತಿತ್ತು. ಬೆನ್ನ ಹಿಂದೆ ಆ ಮನುಷ್ಯ ಕೂತಿದ್ದಾನೆ ಅನಿಸಿದ್ದು ಅವತ್ತೇ ಮೊದಲು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು, ಹಿಂದಿನ ಸೀಟು ಖಾಲಿಯಿತ್ತಲ್ಲ ಅಂದರು. ಅದೇ ಮಾತು ನನ್ನ ತಲೆಯಲ್ಲೂ ತಿರುಗುತ್ತಿತ್ತು. ಒಂದು ಮಾತು ಹೇಳಿದ್ದರೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆವು. ಅವನು ಮುಖ ನೋಡುತ್ತಿದ್ದ, ಒಂದು ಹಿಡಿ ಮಣ್ಣು ಹಾಕುತ್ತಿದ್ದ. ಸೊಲ್ಲಾಪುರ ಎಂದು ಯಾಕೆ ಸುಳ್ಳು ಹೇಳಿದ? ನಮಗೆ ಸಂಕೋಚವಾಗಬಾರದು ಎಂದೇ? ಹಾಗೆ ಯೋಚಿಸಿದಷ್ಟೂ ಅವನು ದೊಡ್ಡವನಾಗುತ್ತ ಹೋದ, ನಮ್ಮ ಅತ್ತೆ ಚಹಾ ಕುಡಿಯುತ್ತ ಕೂತಿರುವುದೇ ನನಗೊಂದು ಅಳುಕಾಗತೊಡಗಿತು. ಅವಳು ಆವತ್ತು ಸಾಯುತ್ತಿರಲೇ ಇಲ್ಲ. ನಾವು ಸಂಜೆಗೆ ಹೋಗಿದ್ದರೂ, ಮರುದಿನ ಹೋಗಿದ್ದರೂ ನಡೆಯುತ್ತಿತ್ತು. ಅವಳ ಮನೆಗೆ ಹೋಗುವುದನ್ನೇ ನಾನು ಕಡಿಮೆ ಮಾಡಿದೆ. ಅವಳು ಫೋನಿನಲ್ಲಿ ಕೇಳಿದರೆ ಶಾಲೆಯ ನೆಪ ಹೇಳುತ್ತಿದ್ದೆ.

ಹೀಗೇ ಬಿಡಬಾರದು ಎಂದು ಯಜಮಾನರೇ ಹೇಳಿ ಹೊರಡಿಸಿದರು. ಚಹಾದಂಗಡಿಯ ಹೆಂಗಸಿಗೆ ಊರಿನ ಹೆಸರು ನೆನಪಿತ್ತು. ಇಲ್ಲಿ ಅದನ್ನು ಬರೆಯುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ಎರೆಹೊಲಗಳು ಕಾಲಿಗೆ ಮೆತ್ತುವಂತಾಗಿದ್ದ ಒಂದು ಮುಂಜಾನೆ ನಾವು ಅಲ್ಲಿಗೆ ಹೋದೆವು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬ್ಯಾಟರಿ ಗಾಡಿಯವರ ಮನೆ ಅಂದೊಡನೆ ತೋರಿಸಿದರು. ಕಟ್ಟೆಯ ಮೇಲೆ ಅವನ ತಾಯಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಸಣ್ಣ ಮೈ, ದೊಡ್ಡ ಕಣ್ಣು. ನಾವು ಯಾರೆಂದು ಹೇಳಿದೊಡನೆ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅತ್ತೆ ಉಳಿದಳೇ ಎಂದು ಕೇಳಿದರು. ಉಳಿದಳು ಅಂದೆ. ಅವರ ಕಣ್ಣಿನಲ್ಲಿ ನೀರು ಬಂತು, ಮುಖದಲ್ಲಿ ಮಾತ್ರ ನೋವಿರಲಿಲ್ಲ. ಓಣಿಯ ಹೆಂಗಸರನ್ನು ಕೂಗಿ ಕರೆದರು. ಹೇಳವ್ವಾ, ನೀನೇ ಎಲ್ಲರಿಗೂ ಹೇಳು ಅಂದರು. ನಾನು ಹೇಳಿದೆ. ಮಷೀನು ಕೆಟ್ಟದ್ದು, ಅವನು ಗನ್ನು ಕಿತ್ತದ್ದು, ಸೊಲ್ಲಾಪುರಕ್ಕೆ ಎಂದು ಸುಳ್ಳು ಹೇಳಿ ನಮ್ಮನ್ನು ಕಳಿಸಿದ್ದು. ಕೂತವರೆಲ್ಲ ಬಾಯಿ ಮೇಲೆ ಸೆರಗಿಟ್ಟುಕೊಂಡು ಕೇಳಿದರು. ಹೇಳುತ್ತ ಹೇಳುತ್ತ ನನಗೂ ಕಣ್ಣು ತುಂಬಿತು.

“ಸತ್ತವರ ಮುಖಕ್ಕಿಂತ ಇದ್ದವರ ಜೀವ ದೊಡ್ಡದು ಅಂದ ನನ ಮಗಾ,” ಅಂದರು ತಾಯಿ.

ತಲೆಯೆತ್ತಿ ನೋಡಿದರೆ ಅವನು ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಟವೆಲು. ನೆಲ ನೋಡುತ್ತಿದ್ದ. ಅವನ ಹಿಂದಿನಿಂದ ಒಬ್ಬ ಹೆಂಗಸು ನೀರಿನ ತಂಬಿಗೆ ತಂದು ನಮ್ಮ ಮುಂದಿಟ್ಟಳು. ನನ್ನ ಸೊಸೆ ಎಂದು ತಾಯಿ ಹೇಳಿದರು. ಹೇಳಿದ ರೀತಿಯಲ್ಲಿ ಒಂದು ಹೊಸತನವಿತ್ತು, ಇತ್ತೀಚೆಗೆ ಕಲಿತ ಮಾತಿನ ಹಾಗೆ.

ಅಪ್ಪನ ಗದ್ದುಗೆ ನೋಡಿ ಬರ್ರಿ ಎಂದು ಅವನೇ ಕರೆದ. ಊರ ಹೊರಗೆ ಅವರದೇ ಹೊಲದ ಬದುವಿನ ಹತ್ತಿರ, ಹುಣಸೆಮರದ ಕೆಳಗೆ ಮಣ್ಣು ಮಾಡಿದ್ದರು. ಕಲ್ಲು ಜೋಡಿಸಿದ ಸಣ್ಣ ಕಟ್ಟೆ, ಮೇಲೆ ಒಣಗಿದ ಬಿಲ್ವದೆಲೆ. ಯಜಮಾನರು ಕೆಸರಿನಲ್ಲಿ ನಡೆಯಲಾರದೆ ಹಿಂದೆ ಉಳಿದರು. ನಾನು ಕೈ ಮುಗಿದು ನಿಂತು, ನಮ್ಮಿಂದ ನಿಮಗೆ ಹೀಗಾಯಿತಲ್ಲ ಎಂದು ಹೇಳತೊಡಗಿದೆ. ಅವನು ನಡುವೆಯೇ ತಡೆದ.

“ನಿಮ್ಮಿಂದ ಏನೂ ಆಗಿಲ್ರಿ. ನಾ ಬೇಕಂತ ಕುಂತಿದ್ದೆ,” ಅಂದ.

ಅವನು ಸೊಲ್ಲಾಪುರದಲ್ಲಿ ಪ್ರೀತಿಸಿ ಮದುವೆಯಾದವನು. ಹೆಂಡತಿ ದಲಿತರಿಂದ ಬೌದ್ಧರಾದವರ ಮನೆಯವಳು. ಅವನಪ್ಪ ದಿನಾ ಬೆಳಿಗ್ಗೆ ಜಾತಿ ಸುಳ್ಳು, ಕುಲ ಸುಳ್ಳು ಎಂದು ವಚನ ಹಾಡುತ್ತಿದ್ದರು, ಊರಿನಲ್ಲಿ ನಿಂತು ಅದೇ ಮಾತು ಹೇಳಿ ನಾಲ್ಕು ಮಂದಿಗೆ ಬುದ್ಧಿ ಹೇಳುತ್ತಿದ್ದರು. ಮಗ ಸೊಸೆಯನ್ನು ಕರೆದುಕೊಂಡು ಬಂದಾಗ ಅವರೇ ಬಾಗಿಲಿಗೆ ಅಡ್ಡ ನಿಂತರು. ನಾನು ಸತ್ತರೂ ನನ್ನ ಮುಖ ನೋಡಲು ಬರಬೇಡ ಅಂದರು. ಅವನು ಬರಲಿಲ್ಲ. ವರ್ಷಗಳು ಹೋದವು. ಕಡೆಗಾಲದಲ್ಲಿ ಅಪ್ಪನ ಮನಸ್ಸು ಕರಗಿತ್ತಂತೆ, ಕರೆಯಿರಿ ಅವನನ್ನು ಎಂದು ಹೇಳಿದ್ದರಂತೆ. ತಂಗಿ ಫೋನು ಮಾಡಿದಳು. ನಾಳೆ ಬರುತ್ತೇನೆ ಅಂದ, ಹೋಗಲಿಲ್ಲ. ಮತ್ತೆ ಫೋನು ಬಂತು, ಮತ್ತೆ ನಾಳೆ ಅಂದ. ಮೂರನೆಯ ಫೋನು ನಸುಕಿನಲ್ಲಿ ಬಂತು.

“ಹೊಂಟೆ, ಹೋಗಲೇಬೇಕಲ್ರಿ. ಆದ್ರ ಹಾದ್ಯಾಗೆಲ್ಲ ಗಾಡಿ ಕೆಡಲಿ ಅಂತಿದ್ದೆ. ನೀವು ಬಂದು ಕೇಳಿದ್ರಿ. ನನಗ ಬಿಡುಗಡೆ ಆದಂಗಾತು. ನೀವು ಹೋದ ಮ್ಯಾಲ ಮಷೀನ್ ಬಂದ್ ಬಿತ್ತಲ್ಲ, ಅದಕ್ಕ ಕೈ ಮುಗದೇನ್ರಿ ನಾ.”

ನನ್ನ ಎದೆಯ ಮೇಲಿನ ಕಲ್ಲು ಸರಿದಿತ್ತು, ಅದು ನಿಜ. ಆದರೆ ಸರಿದ ಜಾಗದಲ್ಲಿ ಏನೋ ತಣ್ಣಗಿನದು ಬಂದು ಕೂತಿತು. ನಾವು ಅವನಿಗೊಂದು ನೆಪವಾಗಿದ್ದೆವು. ನಮ್ಮ ಅತ್ತೆಯ ಸಾವಿನ ಭಯ, ನನ್ನ ಮುಖದ ಮೇಲಿನ ಗಾಬರಿ, ಎಲ್ಲವನ್ನೂ ಅವನು ಒಂದು ಕೊಡೆಯ ಹಾಗೆ ಬಿಚ್ಚಿ ಅದರ ಕೆಳಗೆ ಕೂತಿದ್ದ.

ಅವನು ಗದ್ದುಗೆಯ ಮೇಲಿನ ಒಣಗಿದ ಎಲೆ ಆರಿಸಿ ತೆಗೆಯುತ್ತ ಮುಂದುವರಿಸಿದ. ತಡವಾದದ್ದಕ್ಕೆ ಏನೋ ಒಂದು ಕಾರಣ ಹೇಳಬೇಕಾಗಿತ್ತು, ಪಾಳಿಯ ಸಂಗತಿ ಹೇಳಿದೆ ಅಂದ. ಅದು ಸುಳ್ಳಲ್ಲವಲ್ಲ. ಆದರೆ ಊರಿನವರು ಅದನ್ನು ಹಿಡಿದುಕೊಂಡರು. ಮಣ್ಣಿಗೆ ಬರಲಿಲ್ಲ ಎಂದು ಬೈಯಬೇಕಾದವರು ಬಂದು ಭುಜ ತಟ್ಟಿದರು. ತಾಯಿ ಮೂರನೆಯ ದಿನ, ಇಂಥ ಮಗನ ಹೆಂಡತಿಯನ್ನು ಹೊರಗಿಡಬಾರದು ಎಂದು ಹೇಳಿ ಸೊಸೆಯನ್ನು ಕರೆತರಲು ಕಳಿಸಿದರು. ಅಪ್ಪ ತೆರೆಯದೆ ಹೋದ ಬಾಗಿಲನ್ನು ಈ ಕಥೆ ತೆರೆಯಿತು.

“ಈಗ ಖರೇ ಹೇಳಿದ್ರ ಆಕಿ ಮತ್ತ ಹೊರಗ ಹೋಗ್ತಾಳ್ರಿ. ಹೇಳದಿದ್ರ, ಮಂದಿ ನನ್ನ ನೋಡಿ ಕೈ ಮುಗಿಯೂದು ನಾ ನೋಡಬೇಕು. ನಮ್ಮವ್ವನ ಮುಂದ ಈ ಕಥಿ ಇನ್ನೊಮ್ಮಿ ಹೇಳಬ್ಯಾಡ್ರಿ.”

ಆಯಿತು ಅಂದೆ. ಯಜಮಾನರು ನಿಂತಲ್ಲಿಗೆ ಹೊಳ್ಳಿ ಬಂದೆವು.

ಊಟ ಮಾಡಿಸದೆ ತಾಯಿ ನಮ್ಮನ್ನು ಬಿಡಲಿಲ್ಲ. ಸೊಸೆ ಬಿಸಿ ರೊಟ್ಟಿ ಬಡಿಸಿದಳು, ಅವರು ಪಕ್ಕದಲ್ಲಿ ಕೂತು ಇನ್ನೊಂದು ಹಾಕು, ಇನ್ನೊಂದು ಹಾಕು ಎಂದು ಅವಳಿಗೆ ಹೇಳುತ್ತಿದ್ದರು. ಅತ್ತೆ ಸೊಸೆ ಇಬ್ಬರ ನಡುವೆ ಸಲುಗೆ ಹುಟ್ಟುತ್ತಿರುವುದು ಕಾಣುತ್ತಿತ್ತು. ಊಟದ ನಡುವೆ ಪಕ್ಕದ ಮನೆಯ ಮುದುಕರೊಬ್ಬರು ಬಂದರು. ತಾಯಿ ನನ್ನ ಕಡೆ ತಿರುಗಿ, ಇವರಿಗೂ ಒಂದು ಸಲ ಹೇಳವ್ವಾ ಅಂದರು. ನಾನು ಬಾಯಲ್ಲಿ ತುತ್ತಿಟ್ಟುಕೊಂಡು, ಗಂಟಲು ನೋಯುತ್ತಿದೆ ಎಂದು ಸನ್ನೆ ಮಾಡಿದೆ. ಅವರೇ ಹೇಳತೊಡಗಿದರು. ನಾನು ಹೇಳಿದ್ದಕ್ಕಿಂತ ಅದು ಆಗಲೇ ಸ್ವಲ್ಪ ಬೆಳೆದಿತ್ತು. ಅವರ ಕಥೆಯಲ್ಲಿ ನಾನು ಅವನ ಕಾಲಿಗೆ ಬಿದ್ದಿದ್ದೆ. ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

ಹೊರಡುವಾಗ ಸೊಸೆ ಕಾರಿನ ತನಕ ಬಂದಳು. ಯಜಮಾನರು ಆ ಕಡೆ ಹೋಗಿ ಕೂತರು. ಅವಳು ನನ್ನ ಬಾಗಿಲು ಹಿಡಿದುಕೊಂಡು ನಿಂತು, ದನಿ ತಗ್ಗಿಸಿ ಕೇಳಿದಳು.

“ಹೊಲದಾಗ ನಿಮಗ ಏನರ ಹೇಳಿದ್ರೇನ್ರಿ?”

ಹೌದು ಅಂದೆ. ಅದೊಂದು ಮಾತು ನನ್ನ ಬಾಯಿಂದ ಹೇಗೆ ಹೊರಬಿತ್ತೋ.

“ನನಗ ಇನ್ನಾ ಹೇಳಿಲ್ಲ,” ಅಂದಳು. “ನಿದ್ದಿಗಣ್ಣಾಗ ಎದ್ದು, ಚಾರ್ಜ್ ಆತೇನು, ಚಾರ್ಜ್ ಆತೇನು ಅಂತಾರ.” ಬಾಗಿಲು ಮುಚ್ಚಿ ಹಿಂದೆ ಸರಿದಳು. ನಾನು ಏನು ಹೇಳುತ್ತೇನೆಂದು ಅವಳು ಕಾಯಲಿಲ್ಲ.

ಜೇವರ್ಗಿಯಲ್ಲಿ ಚಾರ್ಜಿಗೆ ನಿಂತೆವು. ಅಲ್ಲಿನ ಮಷೀನು ಒಂದೇ ಸಲಕ್ಕೆ ಚಾಲೂ ಆಯಿತು, ಯಾವ ತಕರಾರೂ ಇಲ್ಲದೆ. ಕಾರಿನೊಳಗೆ ಕೂತು ನಾನು ಯಜಮಾನರಿಗೆ ಹೊಲದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಅಂವ ನಿನ್ನ ಮನಸಿನ ಭಾರ ಇಳಸಾಕ ಹಂಗ ಅಂದಿರಬೇಕು,” ಅಂದರು.

ನನಗೆ ಈ ಯೋಚನೆ ಹೊಳೆದೇ ಇರಲಿಲ್ಲ. ಅವರು ತಮ್ಮ ನಿಧಾನದ ರೀತಿಯಲ್ಲಿ ವಿವರಿಸಿದರು. ಒಮ್ಮೆ ಗುರುತಿಲ್ಲದವರಿಗೆ ಪಾಳಿ ಬಿಟ್ಟವನು, ಅವರಿಗೆ ಸಂಕೋಚವಾಗದಿರಲೆಂದು ಊರನ್ನೇ ತಿರುಗಿಸಿ ಹೇಳಿದವನು. ಈಗ ನಾವು ಅಳುತ್ತ ಅವನ ಮನೆಗೆ ಹೋದರೆ, ಇನ್ನೊಂದು ಸುಳ್ಳು ಹೇಳಿ ನಮ್ಮನ್ನು ಹಗುರ ಮಾಡಿ ಕಳಿಸಲಾರನೇ? ಅಪ್ಪನ ಜೊತೆ ಜಗಳ ಇದ್ದದ್ದು ನಿಜವಿರಬಹುದು. ಬೇಕಂತಲೇ ಕೂತಿದ್ದೆ ಅನ್ನುವುದು ಮಾತ್ರ ನಮಗಾಗಿ ಸೇರಿಸಿದ್ದಿರಬಹುದು.

ಬಸ್ಸು ಹತ್ತಲಿಲ್ಲವಲ್ಲ ಎಂದು ನಾನು ಕೇಳಿದೆ. ಬಾಡಿಗೆಗೆ ಓಡಿಸುವ ಗಾಡಿಯನ್ನು ಬಯಲಿನಲ್ಲಿ ಬಿಟ್ಟು ಹೇಗೆ ಹೋಗಬೇಕು ಅಂದರು. ಫೋನು ಎತ್ತಲಿಲ್ಲವಲ್ಲ ಅಂದೆ. ಎತ್ತಿ ಏನು ಹೇಳಬೇಕಿತ್ತು ಅಂದರು. ಅವರಿಗೆ ತಮ್ಮ ಮಾತಿನ ಮೇಲೆ ನಂಬಿಕೆಯಿದೆ, ಇವತ್ತಿಗೂ ಇದೆ. ನನಗೆ ಯಾವುದರ ಮೇಲೂ ಇಲ್ಲ. ಕೆಲವು ದಿನ ಅವನು ಗುರುತಿಲ್ಲದ ನಮಗಾಗಿ ಎರಡು ಸಲ ಸುಳ್ಳು ಹೇಳಿದ ಮನುಷ್ಯ. ಕೆಲವು ದಿನ ಅಪ್ಪನ ಹೆಣದಿಂದ ತಪ್ಪಿಸಿಕೊಂಡು ನಮ್ಮ ಮರೆಯಲ್ಲಿ ಅಡಗಿದ ಮನುಷ್ಯ. ಎರಡೂ ಮುಖಗಳಲ್ಲಿ ಅದೇ ಕಣ್ಣು, ಸುಲಗಾಯಿ ಬಿಡಿಸುವ ಅದೇ ಬೆರಳು.

ನಾನು ಅತ್ತೆಯ ಮನೆಗೆ ಮತ್ತೆ ಮೊದಲಿನಂತೆ ಹೋಗುತ್ತಿದ್ದೇನೆ. ಅಷ್ಟು ಮಾತ್ರ ಸರಿಹೋಯಿತು. ಅವಳಿಗೆ ಇದಾವುದೂ ಗೊತ್ತಿಲ್ಲ. ಗೊತ್ತುಮಾಡುವುದೂ ಇಲ್ಲ.

ಹೋದ ತಿಂಗಳು ಆ ಸೊಸೆಯ ಫೋನು ಬಂದಿತ್ತು. ನಂಬರು ಎಲ್ಲಿಂದ ಹುಡುಕಿದಳೋ. ಅವನು ಬಾಡಿಗೆಗೆ ಓಡಿಸುತ್ತಿದ್ದ ಗಾಡಿ ಮಾರಿ ಊರಿನಲ್ಲೇ ನಿಂತಿದ್ದಾನೆ, ಹೊಲ ಮಾಡುತ್ತಾನೆ ಅಂದಳು. ತನ್ನ ಅತ್ತೆಗೆ ಮೈಯಲ್ಲಿ ಆರಾಮಿಲ್ಲ, ನಿಮ್ಮನ್ನು ಕರೆಸು ಅನ್ನುತ್ತಿದ್ದಾರೆ, ನಿಮ್ಮ ಬಾಯಿಂದ ಮಗನ ಕಥೆ ಇನ್ನೊಮ್ಮೆ ಕೇಳಬೇಕಂತೆ ಅಂದಳು. ಹಿಂದಿನಿಂದ ಆ ಮುದುಕಿಯ ದನಿಯೂ ಕೇಳುತ್ತಿತ್ತು, ಬರ್ತಾಳೇನು ಕೇಳು ಎಂದು.

ಬರ್ತೇನಿ ಅಂದೆ. ಇನ್ನೂ ಹೋಗಿಲ್ಲ.